ಮಣ್ಣಿನ ಬುಟ್ಟಿ ಇಲ್ಲದ ಮದುವೆ

"ಕೇಳ್ರಪ್ಪೋ ಕೇಳಿ! ಜೌಗು ನೆಲ ಯಾರ ಹೆಸರಿನಲ್ಲೇ ಇರಲಿ, ಅಪ್ಪನ ಆಸ್ತಿಯೇ ಆಗಿರಲಿ, ಇನ್ನು ಮುಂದೆ ಅದಕ್ಕೆ ಒಂದು ಬೊಗಸೆ ಮಣ್ಣು ಸುರಿಯಕೂಡದು. ಮನೆಮನೆಗೆ ಹೋಗಿ ಈ ಕಟ್ಟಳೆ ಕಾಯುವವನೊಬ್ಬ ಬೇಕು. ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಆ ಕಾವಲು, ಜೊತೆಗೆ ರಾಜಕುಮಾರಿಯ ಕೈ. ತಪ್ಪಿದವನ ತಲೆ ಬರುವ ಹುಣ್ಣಿಮೆಯ ದಿನ ಹೋಗುತ್ತದೆ!"

ಹೀಗೆ ಡಂಗುರ ಸಾರಿಸಿದ ಜೊಂಡಿಗೆರೆಯ ಅರಸನಿಗೆ ಈ ಬುದ್ಧಿ ಸುಮ್ಮನೆ ಬಂದಿದ್ದಲ್ಲ. ಆ ಊರಿನಲ್ಲೊಂದು ರೂಢಿ. ಮದುವೆ ಅಂದರೆ ನೆಂಟರೆಲ್ಲ ಒಬ್ಬೊಬ್ಬರೂ ಒಂದು ಬುಟ್ಟಿ ಮಣ್ಣು ಹೊತ್ತು ತಂದು, ಸೋಬಾನೆ ಹಾಡುತ್ತ ಮದುಮಗನ ಜೌಗಿಗೆ ಸುರಿಯಬೇಕು. ನೆಲ ಗಟ್ಟಿಯಾದ ಮೇಲೆ ಅಲ್ಲೇ ಹೊಸ ಮನೆ. ಯಾವ ಸೋದರತ್ತೆ ಬುಟ್ಟಿಯ ತಳಕ್ಕೆ ಹುಲ್ಲು ತುರುಕಿ ಮೋಸ ಮಾಡಿದಳು ಅನ್ನುವುದನ್ನು ಹೆಂಗಸರು ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ಹೀಗೆ ಸುರಿದು ಸುರಿದು ಜೌಗು ಮುಕ್ಕಾಲುಪಾಲು ಮುಚ್ಚಿತು. ಬೇಸಿಗೆಯಲ್ಲಿ ಬಾವಿ ಬತ್ತಿತು. ಮಳೆಗಾಲದಲ್ಲಿ ನೀರು ನಿಲ್ಲಲು ಜಾಗವಿಲ್ಲದೆ ಅರಮನೆಯ ಅಡುಗೆಮನೆಗೇ ನುಗ್ಗಿತು. ಒಲೆ ಆರಿದ ಮೇಲೆ ಅರಸ ಕಣ್ಣು ಬಿಟ್ಟ.

ಮೊದಲು ಬಂದವನು ದಳವಾಯಿಯ ಮಗ ಗಂಡುಗಲಿ. ಹೆಸರಷ್ಟೇ ಗಂಡುಗಲಿ, ಸಂತೆಬೀದಿಯ ಬಳೆಗಾರ್ತಿಯ ಹಿತ್ತಲ ಗೋಡೆ ಹಾರಿ ಕಾಲು ಮುರಿದುಕೊಂಡವನು. ಕುಂಟುತ್ತಲೇ ಬಂದ. ಅವನಪ್ಪನ ಜೌಗು ದೊಡ್ಡದು, ಅರ್ಧ ಮಾತ್ರ ಮುಚ್ಚಿತ್ತು. ಕಾವಲು ತನ್ನ ಕೈಗೆ ಬಂದರೆ ಉಳಿದದ್ದನ್ನು ಮುಚ್ಚುವಾಗ ಕೇಳುವವರು ಯಾರು ಅನ್ನುವುದು ಅವನ ಎಣಿಕೆ.

ರಾಜಕುಮಾರಿ ಪದುಮಲೆ ಪರದೆಯ ಹಿಂದಿನಿಂದ ಕೇಳಿದಳು: "ಹೆಸರು ನನ್ನದು, ಬೇಲಿ ನನ್ನದು. ಒಳಗಿರುವುದು ಮಾತ್ರ ನನ್ನನ್ನು ಕೇಳದೆ ಬೇಲಿ ದಾಟಿ ಪಕ್ಕದವನ ಮನೆ ಸೇರುತ್ತದೆ. ಹಾಗೆ ಸೇರಿದರೇ ಊರಿಗೆ ಕ್ಷೇಮ. ಏನದು?"

"ಹೆಂಡತಿ!" ಅಂದುಬಿಟ್ಟ.

ಸಭೆಯೆಲ್ಲ ಗೊಳ್ಳೆಂದಿತು. ಅವನ ಗುಟ್ಟನ್ನು ಅವನೇ ಡಂಗುರ ಹೊಡೆದ ಹಾಗಾಯಿತು. ನಗುತ್ತಲೇ ಸೆರೆಮನೆಗೆ ಎಳೆದೊಯ್ದರು.

ಆಮೇಲೆ ಸಕ್ಕರೆಸೆಟ್ಟಿಯ ಮಗ. ಉತ್ತರ ಹೇಳಿಕೊಡೆಂದು ಅರಮನೆಯ ದಾಸಿಗೆ ಮೂಗುತಿ ಕೊಟ್ಟಿದ್ದ. ಅದೂ ಅತ್ತಿಗೆಯ ಮೂಗುತಿ! ಅತ್ತಿಗೆಯದು ಇವನ ಕೈಗೆ ಹೇಗೆ ಬಂತೋ, ನೀವೇ ಊಹಿಸಿಕೊಳ್ಳಿ. ದಾಸಿ ಮೂಗುತಿ ಇಟ್ಟುಕೊಂಡು ಬಾಯಿಗೆ ಬಂದದ್ದು ಹೇಳಿ ಕಳಿಸಿದ್ದಳು.

"ಒಗ್ಗರಣೆಯ ವಾಸನೆ," ಅಂದ ಪುಣ್ಯಾತ್ಮ.

"ನಿಮ್ಮ ಮನೆ ಒಗ್ಗರಣೆಯಿಂದ ಊರಿಗೆ ಅದ್ಯಾವ ಕ್ಷೇಮವಪ್ಪಾ?" ಅಂದಳು ಪದುಮಲೆ. ಅವನೂ ಒಳಗೆ ಹೋದ. ಮತ್ತೆ ಅರಮನೆಯ ಕಡೆ ತಲೆಹಾಕುವವರೇ ಇಲ್ಲ.

ಕಡೆಗೆ ಬಂದವನು ದ್ಯಾವ. ಜೊಂಡುಹುಲ್ಲಿನ ಚಾಪೆ ಹೆಣೆಯುವವನು. ತಾಯಿ ಸತ್ತ ಮೇಲೆ ಜೌಗಿನ ಅಂಚಿನ ಗುಡಿಸಲಲ್ಲಿ ಒಬ್ಬನೇ. ಅವನ ತುಂಡು ನೆಲವೊಂದೇ ಊರಲ್ಲಿ ಒಂದು ಬುಟ್ಟಿ ಮಣ್ಣೂ ಬೀಳದೆ ಹಸಿಯಾಗಿ ಉಳಿದದ್ದು. ಮಣ್ಣು ತರಲು ನೆಂಟರಿದ್ದರೆ ತಾನೆ? ಅವನಿಗೆ ಕಾವಲೂ ಬೇಕಿರಲಿಲ್ಲ, ಅರಮನೆಯೂ ಬೇಕಿರಲಿಲ್ಲ. ರಾಜಕುಮಾರಿಯನ್ನು ಕಟ್ಟಿಕೊಂಡರೆ ಊರಿಗೆ ಊರೇ ಬುಟ್ಟಿ ಹೊತ್ತು ತನ್ನ ಬಾಗಿಲಿಗೆ ಬರುತ್ತದಲ್ಲ, ಅದೊಂದೇ ಆಸೆ. ಕಟ್ಟಳೆ ಅದನ್ನೇ ಬೇಡ ಅನ್ನುತ್ತದೆ ಕಣೋ ಅಂತ ಬುದ್ಧಿ ಹೇಳಲಾದರೂ ಮನೆಯಲ್ಲಿ ಇನ್ನೊಂದು ಬಾಯಿ ಬೇಡವೆ?

ಮೊದಲ ಒಗಟು ಕೇಳಿ ದ್ಯಾವ ಹೇಳಿದ: "ಅದು ನೀರು ತಾಯಿ. ನನ್ನ ಜೌಗಲ್ಲಿ ನಿಂತದ್ದು ನೆಲದಡಿ ಹರಿದು ಪಕ್ಕದವರ ಬಾವೀಲಿ ಏಳುತ್ತೆ. ಅವರು ಸೇದುವಾಗ ರಾಟೆ ಸದ್ದು ಕೇಳಿಸುತ್ತೆ. ನಮ್ಮ ಕಡೆ ಸಂಜೆಗೆ ಅದೊಂದೇ ಸದ್ದು."

ಪರದೆಯ ಹಿಂದೆ ಬಳೆ ಅಲುಗಿತು. "ಎರಡನೆಯದು. ಹಸಿದಿದ್ದರೆ ಬದುಕುತ್ತದೆ, ಉಣಿಸಿದರೆ ಸಾಯುತ್ತದೆ. ಬೇಕಾದವರೇ ಹಾಡು ಹೇಳುತ್ತ ತುತ್ತಿಟ್ಟು ಕೊಲ್ಲುತ್ತಾರೆ. ಏನದು?"

ದ್ಯಾವನ ಮುಖ ಸಪ್ಪಗಾಯಿತು. "ಜೌಗು," ಅಂದ ಮೆಲ್ಲಗೆ. "ತುತ್ತು ಅಂದರೆ ಮದುವೆ ಮಣ್ಣು. ಹಾಗಾದರೆ... ನನ್ನ ಮದುವೆಗೂ ಯಾರೂ ತರೋ ಹಾಗಿಲ್ಲವಾ?"

"ಕೇಳುವವಳು ನಾನು," ಅಂದಳು ಪದುಮಲೆ. ದನಿ ಮಾತ್ರ ಮೆತ್ತಗಿತ್ತು. "ಮೂರನೆಯದು. ಊರವರ ನೀರನ್ನೆಲ್ಲ ಕಾಯುತ್ತಾನೆ. ಒಂದು ತಂಬಿಗೆ ನೀರು ಕುಡಿದು ಹೋಗು ಅಂತ ಅವನನ್ನು ಒಬ್ಬರೂ ಒಳಗೆ ಕರೆಯುವುದಿಲ್ಲ. ಯಾರವನು?"

ದ್ಯಾವ ತಲೆ ತಗ್ಗಿಸಿದ. ಗೊತ್ತಾಗಲಿಲ್ಲವೆಂದಲ್ಲ, ಗೊತ್ತಾಯಿತೆಂದೇ. ಹೇಳದಿದ್ದರೆ ತಲೆ ಹೋಗುತ್ತದೆ. ಹೇಳಿದರೆ, ಅರಮನೆಗೆ ಬರುವ ದಾರಿಯುದ್ದಕ್ಕೂ ಕಂಡ ಕನಸೇ ಹೋಗುತ್ತದೆ.

"ಬಾಯಿ ಬಿಡೋ!" ಅರಸ ಗದರಿದ.

"ನಾನೇ ಬುದ್ಧೀ. ಜೌಗಿನ ಕಾವಲುಗಾರ. ನೆಂಟರ ಬುಟ್ಟಿಗೆ ಅಡ್ಡ ನಿಂತವನನ್ನು ಯಾವ ಮನೆಯವರು ಒಳಗೆ ಕರೀತಾರೆ?"

ಪದುಮಲೆ ಪರದೆ ಸರಿಸಿ ಈಚೆ ಬಂದಳು. "ಅರಮನೆಯ ಕಂಬಕ್ಕೆ ಒರಗಿ ಒಬ್ಬಳೇ ಕೂತು ಹೊಸೆದ ಒಗಟು ಅದು," ಅಂದಳು. "ಅದು ತಿಳಿದವನು ಸಿಕ್ಕಿದ. ಸಾಕು."

ಏನು ಬೇಕೆಂದು ಅರಸ ಕೇಳಿದಾಗ ದ್ಯಾವ ಸೆರೆಯಲ್ಲಿದ್ದ ಇಬ್ಬರ ತಲೆ ಉಳಿಸಿ ಅಂತ ಬೇಡಿಕೊಂಡ. ಅವರವರ ಅಪ್ಪಂದಿರ ಜೌಗಿನ ಮಣ್ಣು ಅವರೇ ಅಗೆದು ತೆಗೆಯಲಿ ಅಂದ. ಅರಸ ಒಪ್ಪಿದ. ಇಬ್ಬರೂ ಗುದ್ದಲಿ ಹಿಡಿದು ದಿನವಿಡೀ ಇವನನ್ನೇ ಶಪಿಸಿದರು. ಎಂಥ ಉಪಕಾರ ಸ್ಮರಣೆ!

ಮದುವೆಯ ದಿನ ಊರಿಗೆ ಊರೇ ಬಂತು, ತಲೆಯ ಮೇಲೆ ಬುಟ್ಟಿ ಹೊತ್ತು. ಅರಸನ ಅಳಿಯ ತನ್ನ ನೆಲಕ್ಕೆ ಮಣ್ಣು ಬೇಡ ಅನ್ನುತ್ತಾನೆಯೇ ಅನ್ನುವ ಧೈರ್ಯ. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಸಂಕವ್ವ. ಎಂದೂ ಅವನನ್ನು ಮಾತಾಡಿಸದಿದ್ದವಳು, ಅವತ್ತು ಅತ್ತೆಯಾಗಿಬಿಟ್ಟಿದ್ದಳು.

"ಪಕ್ಕಕ್ಕೆ ಸರಿಯೋ ಅಳಿಯ, ಭಾರ ಇಳಿಸಬೇಕು. ನಿನ್ನ ಸ್ವಂತ ನೆಲ ತಾನೆ?"

ಅಷ್ಟು ಜನ ತನ್ನ ಬಾಗಿಲಲ್ಲಿ ನಿಂತದ್ದನ್ನು ದ್ಯಾವ ಹುಟ್ಟಿದ ಮೇಲೆ ಕಂಡಿರಲಿಲ್ಲ. ಕಣ್ತುಂಬ ಒಮ್ಮೆ ನೋಡಿದ. ಆಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತ.

"ನಂದೇ ಅತ್ತೆ. ಇಲ್ಲಿ ಬಿಟ್ಟರೆ ನಾಳೆ ನಿಮ್ಮ ಬೇಲಿ ಹತ್ತಿರ ಯಾವ ಮುಖ ಇಟ್ಟುಕೊಂಡು ನಿಲ್ಲಲಿ? ಬುಟ್ಟಿ ಹೊರಗಿಟ್ಟು ಉಂಡು ಹೋಗಿ."

ಉಣ್ಣುತ್ತಾರೆಯೇ? ಮಣ್ಣೆಲ್ಲ ದಾರಿಗೆ ಸುರಿದು, "ಅರಮನೆ ಸೇರಿ ಕೊಬ್ಬಿದ," ಅಂತ ಬೈದು ಹೊರಟರು. ಜೊಂಡಿನ ನಡುವೆ ಇಬ್ಬರೇ ಉಳಿದರು.

"ಇನ್ನು ಯಾರೂ ಬರೋದಿಲ್ಲವಾ?" ಅಂದಳು ಪದುಮಲೆ.

"ಬರ್ತಾರೆ. ಜಗಳಕ್ಕೆ."

ಅವಳು ಸೆರಗು ಸಿಕ್ಕಿಸಿ ಒಲೆಯ ಮುಂದೆ ಕೂತಳು. "ಬೈಯೋಕೆ ಬರೋರಿಗೂ ಹಸಿವಾಗುತ್ತೆ. ಒಂದು ಹಿಡಿ ಅಕ್ಕಿ ಜಾಸ್ತಿ ಹಾಕು."