ಕೊಕ್ಕರೆಯ ದೂರುಪೆಟ್ಟಿಗೆ

ಪ್ರಾಣಿಗಳ ಶಾಲೆಯಲ್ಲೂ ಮಕ್ಕಳ ಸಂಸತ್ತು ಇತ್ತು ನೋಡಿ. ಚುನಾವಣೆಯಲ್ಲಿ ಗೆದ್ದ ಏಳನೇ ತರಗತಿಯ ಕೊಕ್ಕರೆಯೇ ನೀರಿನ ಮಂತ್ರಿ. ಶನಿವಾರದ ಸಭೆಯಲ್ಲಿ ಅದು ಎದೆಯುಬ್ಬಿಸಿ, "ದೂರುಪೆಟ್ಟಿಗೆ ಇಟ್ಟಾಗಿನಿಂದ ಒಂದು ದೂರೂ ಬಂದಿಲ್ಲ. ನನ್ನ ಖಾತೆಯಲ್ಲಿ ಎಲ್ಲರೂ ಸುಖಿಗಳು" ಎಂದಿತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಒಂದನೇ ತರಗತಿಯ ಪ್ರತಿನಿಧಿ ಇಲಿಮರಿ ಮಾತ್ರ ತಟ್ಟಲಿಲ್ಲ. ನೀರಿನ ಬೋಗುಣಿ ಎತ್ತರದ ಕಟ್ಟೆಯ ಮೇಲಿದ್ದದ್ದರಿಂದ ಅದರ ತರಗತಿಯ ಪುಟಾಣಿಗಳೆಲ್ಲ ದಿನವೂ ಬಾಯಾರಿಕೊಂಡೇ ಮನೆಗೆ ಹೋಗುತ್ತಿದ್ದವು. ಇಂದು ಸುಮ್ಮನಿದ್ದರೆ ನಾಳೆಯೂ ಅದೇ ಗತಿ. ಇಲಿಮರಿ ಎದ್ದು ನಿಂತಿತು.

"ಕೊಕ್ಕರೆಯಣ್ಣ, ನಮಗೆ ನೀರು ಎಟುಕುವುದಿಲ್ಲ."

"ಹಾಗಿದ್ದರೆ ದೂರು ಹಾಕಬೇಕಿತ್ತಪ್ಪ. ಮಂತ್ರಿಗೇನು ಕನಸು ಬೀಳುತ್ತದೆಯೇ?"

"ಪೆಟ್ಟಿಗೆಯನ್ನೂ ನಿಮ್ಮ ಕೊಕ್ಕಿನ ಎತ್ತರಕ್ಕೇ ನೇತುಹಾಕಿದ್ದೀರಲ್ಲಣ್ಣ."

ವಿರೋಧ ಪಕ್ಷದ ಕೋತಿ ಬಿದ್ದು ಬಿದ್ದು ನಕ್ಕಿತು. ಕೊಕ್ಕರೆ ಇಲಿಮರಿಯ ಪಕ್ಕಕ್ಕೆ ಬಂದು, ಕಾಲು ಮಡಚಿ ಕುಳಿತು, ಅಲ್ಲಿಂದ ಕಟ್ಟೆಯನ್ನೊಮ್ಮೆ ನೋಡಿತು. ಆಮೇಲೆ ಆ ಕೋತಿಯನ್ನೇ ಕರೆಯಿತು. ಎರಡೂ ಸೇರಿ ಪೆಟ್ಟಿಗೆಯನ್ನೂ ಬೋಗುಣಿಯನ್ನೂ ನೆಲಕ್ಕಿಳಿಸಿದವು. ಪುಟಾಣಿಗಳು ಮುಗಿಬಿದ್ದು ನೀರು ಕುಡಿದವು.

"ಮಂತ್ರಿಗಳೇ, ಇನ್ನು ಮೇಲೆ ತಾವು ಬಗ್ಗಿ ಕುಡಿಯಬೇಕಲ್ಲ?" ಎಂದು ಕೋತಿ ಕೆಣಕಿತು.

"ಇಷ್ಟುದ್ದ ಕುತ್ತಿಗೆ ಇರುವುದು ಮತ್ತೇತಕ್ಕೆ?" ಎನ್ನುತ್ತ ಕೊಕ್ಕರೆ ಇಲಿಮರಿಯ ಪಕ್ಕದಲ್ಲೇ ಬಗ್ಗಿ ಒಂದು ಗುಟುಕು ನೀರು ಕುಡಿಯಿತು.