ಗರಡಿ ಮಣ್ಣಿನ ಹಟ

ಗರಡಿಮನೆಯ ಕೆಮ್ಮಣ್ಣಿಗೆ ಮೂರು ತಲೆಮಾರಿನ ವಯಸ್ಸು. ದಿನಾ ಬೆಳಿಗ್ಗೆ ಗುದ್ದಲಿಯಿಂದ ಅಗೆಸಿಕೊಂಡು, ಎಣ್ಣೆ ಮಜ್ಜಿಗೆ ಕುಡಿದು, ಎಂಥ ಪೈಲ್ವಾನ ಬಿದ್ದರೂ ಮೂಳೆ ಮುರಿಯದಷ್ಟು ಮೆತ್ತಗಿರುವುದೇ ಅದರ ಕಸುಬು. ಒಮ್ಮೆ ಕುಸ್ತಿ ಕಲಿಸುವ ಉಸ್ತಾದರು ಊರಲ್ಲಿಲ್ಲದೆ ಗರಡಿಗೆ ಮೂರು ತಿಂಗಳು ಬೀಗ ಬಿತ್ತು. ಮಣ್ಣು ಮೊದಲು ಸುಖವಾಗಿ ಮಲಗಿತು, ಆಮೇಲೆ ಬಿಗಿದುಕೊಂಡಿತು, ಕಡೆಗೆ ಬಿರುಕು ಬಿಟ್ಟಿತು. ಬೀಗ ತೆಗೆದ ದಿನ ಗುದ್ದಲಿಯ ಮೊದಲ ಏಟು ಠಣ್ಣೆಂದು ಹಿಂದಕ್ಕೆ ಪುಟಿಯಿತು.

ಬಾಗಿಲಾಚೆಯ ಸಿಮೆಂಟು ಜಗಲಿ ಗಹಗಹಿಸಿ ನಕ್ಕಿತು. "ಏನಜ್ಜ, ಈ ವಯಸ್ಸಿನಲ್ಲಿ ಯಾಕೆ ಏಟು ತಿನ್ನುತ್ತೀಯ? ನನ್ನ ಹಾಗೆ ಒಂದೇ ಸಲ ಗಟ್ಟಿಯಾಗಿ ಹಾಯಾಗಿರಬಾರದೆ?"

ಗುದ್ದಲಿಗೂ ಕನಿಕರ ಹುಟ್ಟಿತು. "ನಿಮಗೆ ನೋವಾದೀತು, ಅಜ್ಜಯ್ಯ. ಇವತ್ತೊಂದು ದಿನ ಬಿಡಲೆ?"

"ಬಿಟ್ಟಿದ್ದಕ್ಕೇ ಈ ಗತಿ!" ಎಂದು ಮಣ್ಣು ಗುಡುಗಿತು. "ಇವತ್ತು ಒಂದು ಗೇಣು ಅಗೆ, ನಾಳೆ ಇನ್ನೊಂದು ಗೇಣು. ನಾಡಿದ್ದು ನಾನೇ ಬೇಡವೆಂದರೂ ಕೇಳಬೇಡ." ಆಮೇಲೆ ಜಗಲಿಯ ಕಡೆ ತಿರುಗಿತು. "ನೀನು ಬಿರುಕು ಬಿಟ್ಟ ದಿನ ನಿನ್ನ ಕಥೆ ಮುಗಿಯಿತು ಕಣೋ. ನನ್ನ ಬಿರುಕು ಗುದ್ದಲಿ ಇಳಿಯುವುದಕ್ಕೆ ದಾರಿ."

ಗುದ್ದಲಿ ಮೇಲೆದ್ದು ನೇರ ಬಿರುಕಿಗೇ ಇಳಿಯಿತು. ಮಣ್ಣು ನರಳಿತು. ನರಳುತ್ತಲೇ, "ಹೂಂ, ಇನ್ನೊಂದು!" ಎಂದಿತು.