ದ್ಯಾವಮ್ಮನ ಬಲಗೈ

“ಗುರುಗಳೇ, ತಿಳಿಯದೆ ಮಾಡಿದ ತಪ್ಪಿಗೂ ಶಿಕ್ಷೆ ಇದೆಯೆ?” ಎಂದು ಶಿಷ್ಯ ಕೇಳಿದ.

ಪ್ರಶ್ನೆ ಹಿಡಿಸಲಿಲ್ಲ ಎಂಬುದು ಗುರುಗಳ ಮುಖದಲ್ಲೇ ಕಾಣುತ್ತಿತ್ತು. “ತಿಳಿಯಲಿಲ್ಲ, ತಿಳಿಯಲಿಲ್ಲ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಕೂತುಕೋ, ಒಂದು ಕತೆ ಹೇಳುತ್ತೇನೆ” ಎಂದರು.

ಒಬ್ಬ ರೈತನಿದ್ದ. ಊರಾಚೆ ಶೆಡ್ಡು ಕಟ್ಟಿ ಕೋಳಿ ಸಾಕುತ್ತಿದ್ದ. ನೆಲಕ್ಕೆ ಭತ್ತದ ಹೊಟ್ಟು ಹಾಸಿ ಸಾವಿರಾರು ಮರಿ ಬಿಡುವುದು, ನಲವತ್ತು ದಿನಕ್ಕೆ ಬೆಳೆದ ಕೋಳಿಗಳನ್ನು ಲಾರಿಗೆ ತುಂಬುವುದು, ಹಳೆಯ ಹೊಟ್ಟು ಬಳಿದು ಮತ್ತೆ ಮರಿ ಬಿಡುವುದು. ಈ ಕೆಲಸಕ್ಕೆ ಒಬ್ಬ ಹೆಂಗಸಿದ್ದಳು. ಇಂಥ ಕತೆಗಳಲ್ಲಿ ಆಳುಗಳಿಗೆ ಹೆಸರಿರುವುದಿಲ್ಲ. ರೈತನ ಹೆಸರು ನಮಗೆ ಬೇಡ, ಇವಳದ್ದು ಹೇಳುತ್ತೇನೆ. ದ್ಯಾವಮ್ಮ. ಗಂಡ ತೀರಿಹೋಗಿದ್ದ. ಅವಳು ದುಡಿದರೆ ಅವಳಿಗೂ ಕಣ್ಣು ಕಾಣದ ಅವಳ ತಾಯಿಗೂ ಊಟ.

ಬೆಳಗಾದರೆ ಅವಳ ಮೊದಲ ಕೆಲಸ ಕೋಳಿಗಳ ನೀರಿಗೆ ಆಂಟಿಬಯೋಟಿಕ್ ಪುಡಿ ಕಲಸುವುದು. ಅದು ಕಾಯಿಲೆ ಬಿದ್ದ ಕೋಳಿಗೆ, ಬಿದ್ದಷ್ಟು ದಿನ ಕೊಡಬೇಕಾದ ಮದ್ದು. ಈ ಮಹಾನುಭಾವ ಅದನ್ನು ಚೆನ್ನಾಗಿ ಓಡಾಡಿಕೊಂಡಿದ್ದ ಮರಿಗಳಿಗೆ ಮೊದಲ ದಿನದಿಂದಲೇ ಕುಡಿಸುತ್ತಿದ್ದ. ಹೀಗೆ ಮಾಡಿದರೆ ರೋಗ ಹತ್ತಿರ ಸುಳಿಯುವುದಿಲ್ಲ, ತೂಕವೂ ಬೇಗ ಬರುತ್ತದೆ ಎಂದು ಪುಡಿ ಮಾರುವವನು ಹೇಳಿದ್ದ. ಒಂದು ಚಮಚ ನಾಟದಿದ್ದಾಗ ಎರಡು ಹಾಕಿಸಿದ. ಎರಡೂ ನಾಟದಿದ್ದಾಗ ಇನ್ನೊಂದು ಪುಡಿ ತರಿಸಿದ. ಹತ್ತು ವರ್ಷ ಹೀಗೇ ನಡೆಯಿತು. ಪಶುವೈದ್ಯರನ್ನು ಒಮ್ಮೆಯೂ ಕರೆಸಲಿಲ್ಲ. ತೂಕ ಬಾರದೆ ಉಳಿದ ಕೋಳಿಗಳನ್ನು ಮನೆಯಲ್ಲಿ ಬೇಯಿಸಿಕೊಳ್ಳಲಿ ಎಂದು ದ್ಯಾವಮ್ಮನ ಕೈಗೆ ಕೊಟ್ಟು ಕಳಿಸುತ್ತಿದ್ದ. ಕೊಡುಗೈ ಮನುಷ್ಯ ಎಂದು ಊರಲ್ಲಿ ಹೆಸರು ಬೇರೆ.

ಒಂದು ದಿನ ಹೊಟ್ಟು ಬಳಿಯುವಾಗ ಜಾಲರಿಯ ತಂತಿ ಅವಳ ಬಲ ಅಂಗೈಯನ್ನು ಗೀರಿತು. ಸಣ್ಣ ಗಾಯ. ಅರಿಶಿನ ಒತ್ತಿ ಕೆಲಸ ಮುಂದುವರಿಸಿದಳು. ಮೂರನೆಯ ದಿನ ಕೈ ಬಾತುಕೊಂಡು ಜ್ವರ ಬಂತು. ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟರು, ನಾಟಲಿಲ್ಲ. ಇಂಜೆಕ್ಷನ್ ಕೊಟ್ಟರು, ನಾಟಲಿಲ್ಲ. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯ ವೈದ್ಯರು ಕೀವು ಪರೀಕ್ಷೆ ಮಾಡಿಸಿ, ಅವಳು ಮಾಡುವ ಕೆಲಸ ಯಾವುದೆಂದು ಕೇಳಿ, ರೈತನನ್ನೇ ಕರೆಸಿದರು. ಕೋಳಿಗೆ ಹಾಕುವ ಪುಡಿಯೂ ಇವಳಿಗೆ ಕೊಡುವ ಮದ್ದೂ ಒಂದೇ ಜಾತಿಯವು ಎಂದು ತಿಳಿಸಿದರು. ದಿನವೂ ಮದ್ದು ಬಿದ್ದರೆ ದುರ್ಬಲ ರೋಗಾಣುಗಳು ಸಾಯುತ್ತವೆ, ಗಟ್ಟಿ ಜೀವದವು ಉಳಿದು ಮರಿಮಾಡುತ್ತವೆ. ಶೆಡ್ಡಿನ ಹೊಟ್ಟಿನಲ್ಲಿ, ನೀರಿನಲ್ಲಿ ಈಗ ತುಂಬಿರುವುದು ಅವೇ, ಈ ಕೈಯೊಳಗೆ ಹೊಕ್ಕಿರುವುದೂ ಅವೇ ಎಂದರು. ಕೊನೆಗೆ ಜೀವ ಉಳಿಸಲು ಮೊಣಕೈವರೆಗೆ ಕೈ ತೆಗೆದರು.

ಗಾಯ ಮಾಯ್ದ ಮೇಲೆ ದ್ಯಾವಮ್ಮ ಶೆಡ್ಡಿಗೆ ಹೋದಳು. ಅವಳ ಜಾಗಕ್ಕೆ ಆಗಲೇ ಬೇರೊಬ್ಬಳು ಬಂದಿದ್ದಳು.

“ಗೌಡ್ರೇ, ಒಂದು ಕೈಲಿ ಆಗೋ ಕೆಲ್ಸ ಏನಾದ್ರೂ ಕೊಡಿ. ನಮ್ಮವ್ವಂಗೆ ಕಣ್ಣಿಲ್ಲ” ಎಂದಳು.

“ನಂಗೇನು ಗೊತ್ತಿತ್ತಾ ದ್ಯಾವಮ್ಮ? ತಿಳೀದೆ ಆಗೋಯ್ತು. ಈಗ ನನ್ನ ಏನು ಮಾಡು ಅಂತೀಯ?” ಎಂದ ರೈತ.

ಅವಳು ಊರ ಹಿರಿಯರನ್ನು ಸೇರಿಸಿ ಎಲ್ಲವನ್ನೂ ಹೇಳಿದಳು. ಅವರು ತಲೆದೂಗಿದರು. ಅವನೇನು ಬೇಕೆಂದು ಮಾಡಿದನೇ, ಎಲ್ಲರೂ ಮಾಡುವುದನ್ನೇ ಮಾಡಿದ, ತಿಳಿಯದವನ ಮೇಲೆ ತಪ್ಪು ಹೊರಿಸುವುದು ಸರಿಯಲ್ಲ ಎಂದು ತೀರ್ಮಾನಿಸಿದರು. ಅಯ್ಯೋ ಪಾಪ ಎನ್ನುವುದಕ್ಕೂ ಅವರಿಗೆ ಅವನೇ ಸಿಕ್ಕ! ನೆನೆದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ದ್ಯಾವಮ್ಮ ಎಡಗೈಯಿಂದ ಸೆರಗು ಸರಿಮಾಡಿಕೊಂಡು ಮನೆಗೆ ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ದ್ಯಾವಮ್ಮನ ಬಗ್ಗೆ ಮರುಕ ಹುಟ್ಟಿತ್ತು. ಆದರೂ ಹಿರಿಯರ ಮಾತನ್ನು ತೆಗೆದುಹಾಕುವುದು ಹೇಗೆಂದು ತೋಚಲಿಲ್ಲ.

“ಅವಳಿಗೆ ಆದದ್ದು ಅನ್ಯಾಯವೇ, ಗುರುಗಳೇ. ಆದರೆ ವೈದ್ಯರು ಹೇಳುವವರೆಗೆ ಅವನಿಗೆ ನಿಜಕ್ಕೂ ತಿಳಿದಿರಲಿಲ್ಲವಲ್ಲ?” ಎಂದ.

“ಹತ್ತು ವರ್ಷದಲ್ಲಿ ಆ ಶೆಡ್ಡಿನ ಒಂದೇ ಒಂದು ಕೋಳಿಯನ್ನೂ ತನ್ನ ಮಕ್ಕಳ ತಟ್ಟೆಗೆ ಬೀಳಗೊಡದವನಿಗೆ ಏನು ತಿಳಿದಿರಲಿಲ್ಲ, ಹೇಳು?” ಎಂದರು ಗುರುಗಳು.